ರಂಜಕ ಕುಟ್ಟಿದ ಕೈ

ಸಂಕ್ರಾಂತಿ ಹತ್ತಿರ ಬಂತೆಂದರೆ ಬಾಡಗಂಡಿ, ಬೀಳಗಿ, ಮುಧೋಳದ ಕಡೆ ಹಣ್ಣಾದ ಹಸಿ ಮೆಣಸಿನಕಾಯಿ ಮನೆ ಸೇರುತ್ತದೆ. ತೊಟ್ಟು ಮುರಿದು, ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯ ಕೂಡಿಸಿ ಕುಟ್ಟಿ, ಲಿಂಬೆ ಹಿಂಡಿದರೆ ರಂಜಕ. ಮಿಕ್ಸಿಯಲ್ಲಿ ನುಣ್ಣಗೆ ಅರೆದದ್ದನ್ನು ನಾನಂತೂ ರಂಜಕವೆಂದು ಒಪ್ಪುವವನಲ್ಲ. ಸಿಪ್ಪೆಯ ಚೂರು ಹಲ್ಲಿಗೆ ಸಿಗಬೇಕು. ಜೊತೆಗೆ ಖಡಕ್ ಸಜ್ಜಿ ರೊಟ್ಟಿ, ಬೆಣ್ಣೆ, ಗಟ್ಟಿ ಮೊಸರು.

ಊಟದ ಬಗ್ಗೆ ಬರೆಯುವವರೆಲ್ಲ ನಾಲಗೆಯನ್ನೇ ಕೊಂಡಾಡುತ್ತೇವೆ. ಖಾರದ ಪೂರ್ತಿ ಕಥೆ ಗೊತ್ತಿರುವುದು ಕುಟ್ಟಿದ ಕೈಗೆ. ಸಂಜೆ ಹಂಡೆಯ ನೀರಿಗೆ ಆ ಕೈ ಅದ್ದಿದಾಗ 'ಯವ್ವಾ' ಎಂಬ ಕೂಗು ಹಿತ್ತಲು ದಾಟುತ್ತದೆ. ಉಳಿದವರಿಗೆ ಅದು ಬರೀ ಉಗುರುಬೆಚ್ಚಗಿನ ನೀರು.

ಕೈಯ ನೋವು ಒಯ್ಯುವ ನರಕೋಶಗಳ ಒಡಲು ಕೈಯಲ್ಲಿಲ್ಲ, ಬೆನ್ನುಹುರಿಯ ಮಗ್ಗುಲಿನ ಸಣ್ಣ ಗಂಟುಗಳಲ್ಲಿದೆ. ಅಲ್ಲಿಂದ ಒಂದು ಎಳೆ ಬೆರಳಿಗೆ, ಇನ್ನೊಂದು ಬೆನ್ನುಹುರಿಯೊಳಕ್ಕೆ. ಇಂಥ ಗಂಟುಗಳ ಜೀನುಗಳನ್ನೇ ಜಾಲಾಡಿ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೆ ಓಗೊಡುವ ಗ್ರಾಹಕವನ್ನು ಹಿಡಿಯಿತು. ಇಂದು ಅದರ ಹೆಸರು ಟಿಆರ್‌ಪಿವಿ1. ಜೂಲಿಯಸ್‌ಗೆ 2021ರಲ್ಲಿ ಆರ್ಡೆಮ್ ಪಟಪೌಟಿಯನ್ ಜೊತೆ ನೊಬೆಲ್ ಬಂತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ತೆರೆಯಬೇಕಾದ ಈ ಬಾಗಿಲನ್ನು ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ತೆರೆಸುತ್ತದೆ. ಉರಿಯೂತವಾದಾಗ ಒಸರುವ ಬ್ರಾಡಿಕೈನಿನ್, ಪ್ರೊಸ್ಟಾಗ್ಲಾಂಡಿನ್‌ಗಳು ಅದರ ಮಿತಿಯನ್ನೇ ಇಳಿಸಿಬಿಡುತ್ತವೆ. ಕೆಂಪೇರಿದ ಕೈಗೆ ಹಂಡೆಯ ನೀರು ಕುದಿನೀರಾಗುವುದು ಹೀಗೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಎಳೆಯ ಬೆನ್ನುಹುರಿಯೊಳಗಿನ ತುದಿಯಲ್ಲಿ ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕಗಳು ಸುರಿದು ಅಲ್ಲಿನ ನರಕೋಶಗಳು ಕೆರಳುತ್ತವೆ. ಖಾರ ತಾಗದ ಮುಂಗೈಗೂ ಸೆರಗು ಸವರಿದರೆ ಚುರ್ ಎನ್ನುವುದುಂಟು. ಅದು ಚರ್ಮದ ತಪ್ಪಲ್ಲ, ಹುರಿಯ ಕಾರುಬಾರು. ಬಾಯಿಯ ಖಾರಕ್ಕೆ ಈ ದಾರಿಯಿಲ್ಲ, ಅದು ಮುಖ್ಯವಾಗಿ ಟ್ರೈಜೆಮಿನಲ್ ನರ ಹಿಡಿದು ನೇರ ಮಿದುಳಕಾಂಡಕ್ಕೆ ಹೋಗುತ್ತದೆ. (ಹೊಲದ ಗಿಳಿಗೆ ಎರಡೂ ಕಾಟವಿಲ್ಲ, ಹಕ್ಕಿಗಳ ಗ್ರಾಹಕ ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ.)

ಕ್ಯಾಪ್ಸೈಸಿನ್ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ. ಉರಿಯುವ ಕೈಗೆ ಕುಸುಬಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯಿರಿ. ಖಾರ ತಗ್ಗಿಸಬೇಕೆಂದು ಬೀಜ ಉದುರಿಸುವವರು ಸುಮ್ಮನೆ ದಣಿಯುತ್ತಾರೆ. ಅದು ಹುಟ್ಟುವುದು ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ, ಅದನ್ನು ಕೆರೆದು ತೆಗೆಯಬೇಕು. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಬ್ಯಾಡಗಿ ತಳಿಯ ಹಣ್ಣು ಅರ್ಧ ಬೆರೆಸಿದರೂ ನಡೆಯುತ್ತದೆ. ಪೂರ್ತಿ ಅದನ್ನೇ ಹಾಕಿದ ರಂಜಕ ನನ್ನ ತಾಟಿಗೆ ಬೇಡ.