ಎಬಿಎಸ್ ದೀಪ: ಸೆನ್ಸರ್ ಕೊಳ್ಳುವ ಮೊದಲು ವೈರ್ ನೋಡಿ

ಪುನರ್ವಸು, ಪುಷ್ಯ ಮಳೆ ಹಿಡಿದ ದಿನಗಳಲ್ಲಿ ಸಕಲೇಶಪುರ, ಆಲೂರು ಸೀಮೆಯಲ್ಲಿ ಓಡಾಡುವ ಕಾರಿನ ಎಬಿಎಸ್ ದೀಪ ಹತ್ತಿಕೊಂಡರೆ ಆಶ್ಚರ್ಯಪಡಬೇಕಿಲ್ಲ. ಆಮೇಲೆ ನಡೆಯುವುದೂ ಗೊತ್ತಿರುವಂಥದ್ದೇ. ಸ್ಕ್ಯಾನರ್ ಹಾಕಿದರೆ ಸಿ0035 ಎಂಬ ಕೋಡ್ ಬರುತ್ತದೆ, ಮುಂದಿನ ಎಡ ಚಕ್ರದ ಸೆನ್ಸರ್ ಹೋಗಿದೆ ಎಂದು ತೀರ್ಮಾನವಾಗುತ್ತದೆ, ಹಾಸನದಿಂದಲೋ ಮಂಗಳೂರಿನಿಂದಲೋ ಹೊಸದನ್ನು ತರಿಸುತ್ತಾರೆ. ನಾಲ್ಕು ದಿನ ಹೊಳವಾದರೆ ದೀಪವೂ ಸುಮ್ಮನಿರುತ್ತದೆ. ಮಳೆ ಮತ್ತೆ ಜಡಿದಾಗ ಹಾಜರು. ಕೋಡ್ ಸುಳ್ಳು ಹೇಳಿದ್ದಲ್ಲ, ನಾವು ಅದನ್ನು ಓದಿದ್ದು ತಪ್ಪು. ಎಬಿಎಸ್ ಕಂಪ್ಯೂಟರಿನಿಂದ ಹೊರಟ ಎರಡು ತಂತಿ, ನಡುವಿನ ಕನೆಕ್ಟರ್, ತುದಿಯ ಸೆನ್ಸರ್, ಅದರ ಎದುರು ತಿರುಗುವ ಉಂಗುರ, ಇಷ್ಟೂ ಸೇರಿದ ಹಾದಿಯಲ್ಲಿ ಎಲ್ಲೋ ತೊಂದರೆಯಿದೆ ಎಂದಷ್ಟೇ ಅದು ಹೇಳುತ್ತದೆ. ಈ ಬೆಟ್ಟದ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ತಂತಿಯನ್ನು ಮತ್ತು ಕನೆಕ್ಟರನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ತಂತಿ ಹಾದುಹೋಗುವ ಜಾಗದಲ್ಲೇ ಇದೆ. ಅದರ ಒಂದು ತುದಿ ಬಾಡಿಗೆ ಕಚ್ಚಿಕೊಂಡಿರುತ್ತದೆ, ಇನ್ನೊಂದು ತುದಿ ಹಬ್‌ಗೆ. ಬಾಡಿ ಅಲ್ಲಾಡದು, ಹಬ್ ಮಾತ್ರ ಸ್ಟೀರಿಂಗ್ ತಿರುಗಿದಾಗಲೆಲ್ಲ ತಿರುಗುತ್ತದೆ, ಗುಂಡಿಗೆ ಇಳಿದಾಗಲೆಲ್ಲ ಏರಿಳಿಯುತ್ತದೆ. ಬಿಸಿಲೆ ಘಾಟಿಯ ತಿರುವುಗಳಲ್ಲೂ ಹೆತ್ತೂರು, ಯಸಳೂರು ಕಡೆಯ ತೋಟದ ಕಲ್ಲುದಾರಿಗಳಲ್ಲೂ ಈ ತಂತಿ ಬಗ್ಗುವಷ್ಟು ಬಯಲುಸೀಮೆಯ ನೇರ ರಸ್ತೆಯಲ್ಲಿ ಬಗ್ಗುವುದಿಲ್ಲ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಮೇಲಿನ ರಬ್ಬರ್ ಮಾತ್ರ ಹೊಸದರ ಹಾಗೇ ಇರುತ್ತದೆ. ಅದರ ಜೊತೆಗೆ ನೀರು. ಚಕ್ರ ಎರಚಿದ ಕೆಮ್ಮಣ್ಣು ಫೆಂಡರಿನ ಒಳಗೆ ಮೆತ್ತಿಕೊಂಡು ವಾರಗಟ್ಟಲೆ ಆರದೆ ಕೂರುತ್ತದೆ. ಕನೆಕ್ಟರಿನ ರಬ್ಬರ್ ಸೀಲ್ ಸ್ವಲ್ಪ ಸಡಿಲಿದರೂ ಸಾಕು, ತೇವ ಒಳಸೇರಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಎಳೆಗಳ ಸಂದಿಯಲ್ಲಿ ಅದು ತಂತಿಯ ಒಳಗೂ ಏರುತ್ತದೆ. ಈಗಿನ ಬಹುಪಾಲು ಕಾರುಗಳ ಸೆನ್ಸರ್ 7 ಮತ್ತು 14 ಮಿಲಿಆಂಪ್ ಎಂಬ ಎರಡೇ ಮಟ್ಟಗಳಲ್ಲಿ ಮಾತಾಡುತ್ತದೆ. ಕಿಲುಬು 500 ಓಮ್ ಅಡ್ಡ ಹಾಕಿದರೆ 14 ಮಿಲಿಆಂಪಿಗೆ 7 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಕೆಸರುನೀರು ಎರಡು ಪಿನ್ನುಗಳ ನಡುವೆ 5 ಮಿಲಿಆಂಪ್ ಸೋರಲು ಬಿಟ್ಟರೆ 7 ಇದ್ದದ್ದು 12 ಆಗುತ್ತದೆ. ಯಾವುದು ಕೆಳಗಿನ ಮಟ್ಟ, ಯಾವುದು ಮೇಲಿನದು ಎಂದು ಕಂಪ್ಯೂಟರಿಗೆ ತಿಳಿಯದು. ಮಳೆಯಲ್ಲಿ ಹತ್ತಿ ಬಿಸಿಲಲ್ಲಿ ಆರುವ ದೀಪಕ್ಕೂ, ಎಡಕ್ಕೆ ತಿರುಗಿಸಿದಾಗಷ್ಟೇ ಹತ್ತುವ ದೀಪಕ್ಕೂ ಇದಕ್ಕಿಂತ ಒಪ್ಪುವ ವಿವರಣೆ ಬೇರೊಂದಿಲ್ಲ. ಕೆಟ್ಟ ಸೆನ್ಸರ್ ಸ್ಟೀರಿಂಗ್ ಯಾವ ಕಡೆಗಿದೆ ಎಂದು ನೋಡಿ ಕೆಡುವುದಿಲ್ಲ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ, ತಾಳ್ಮೆ ಬೇಕು. ಮುಂದಿನ ಚಕ್ರ ಎತ್ತಿ ಕೈಯಿಂದ ಒಂದೇ ಸಮನೆ ತಿರುಗಿಸುತ್ತ, ಸ್ಕ್ಯಾನರಿನಲ್ಲಿ ಆ ಚಕ್ರದ ವೇಗ ನೋಡುತ್ತ, ಇನ್ನೊಬ್ಬರಿಂದ ತಂತಿಯನ್ನು ಗೇಣು ಗೇಣಾಗಿ ಅಲ್ಲಾಡಿಸಬೇಕು. ಎಲ್ಲಿ ಮುಟ್ಟಿದಾಗ ಅಂಕಿ ಸೊನ್ನೆಗೆ ಬೀಳುತ್ತದೋ ಅಲ್ಲೇ ರೋಗ. ಹಳೆಯ ಕಾಯಿಲ್ ಸೆನ್ಸರಾದರೆ ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ 1,000ದಿಂದ 2,000 ಓಮ್ ಆಸುಪಾಸು ತೋರಿಸಬೇಕು. ಹೊಸ ಬಗೆಯದಕ್ಕೆ ಓಮ್ ಅಳತೆ ಹಿಡಿಯಲೇಬಾರದು; ಕನೆಕ್ಟರ್ ಬಿಚ್ಚಿ, ಕೀ ಹಾಕಿದ ಕೂಡಲೇ ಕಾರಿನ ಕಡೆಯ ಪಿನ್ನುಗಳಲ್ಲಿ ವೋಲ್ಟೇಜ್ ಬರುತ್ತಿದೆಯೇ ನೋಡಬೇಕು. ತಂತಿಯ ವಿಷಯದಲ್ಲಿ ಮೀಟರಿನ ಬೀಪ್ ನಂಬುವುದೂ ಅಪಾಯವೇ. ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಎರಡೂ ತುದಿ ಬಿಚ್ಚಿ, ಆ ತಂತಿಯ ಮೂಲಕ ಬ್ಯಾಟರಿಯಿಂದ ಪುಟ್ಟ ಬಲ್ಬೊಂದನ್ನು ಉರಿಸಿ, ಬಗ್ಗಿಸಿ ನೋಡಿದರೆ ನಿಜ ಹೊರಬರುತ್ತದೆ.

ಇಷ್ಟೆಲ್ಲ ಒದ್ದಾಟ ಏಕೆ, ಸೆನ್ಸರನ್ನೇ ಬದಲಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಕೆಲವು ಕಾರುಗಳಲ್ಲಿ ತುಂಡು ತಂತಿಯೂ ಸೆನ್ಸರಿನ ಜೊತೆಗೇ ಬರುತ್ತದೆ, ದೋಷ ಆ ತುಂಡಿನಲ್ಲೇ ಇದ್ದರೆ ಹೊಸದು ಹಾಕಿದಾಗ ವಾಸಿಯಾಗುತ್ತದೆ. ಉಂಗುರಕ್ಕೆ ತುಕ್ಕು ಹಿಡಿದಿರಬಹುದು, ಬೇರಿಂಗನ್ನು ಹಿಂದುಮುಂದಾಗಿ ಕೂರಿಸಿರಲೂಬಹುದು. ಆದರೆ ಇವೆಲ್ಲ ನೋಡಿಯೇ ತಿಳಿಯಬೇಕಾದವು, ಹಣ ಕೊಟ್ಟು ಊಹಿಸಬೇಕಾದವಲ್ಲ. ಇನ್ನೊಂದು ಮಾತು, ಎಬಿಎಸ್ ಇಲ್ಲದೆಯೇ ಹಿಂದಿನವರು ಶಿರಾಡಿ ಇಳಿದಿಲ್ಲವೇ ಎಂಬುದು. ಇಳಿದಿದ್ದಾರೆ, ನಿಜ. ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದೇ 2019ರ ಏಪ್ರಿಲ್‌ನಲ್ಲಿ. ಆದರೆ ಎಬಿಎಸ್ ಇಲ್ಲದಿರುವುದು ಬೇರೆ, ಅರ್ಧಂಬರ್ಧ ಇರುವುದು ಬೇರೆ. ದೀಪ ಹತ್ತಿ ಎಬಿಎಸ್ ನಿಂತರೆ ಸಾಧಾರಣ ಬ್ರೇಕ್ ಉಳಿಯುತ್ತದೆ. ದೀಪ ಹತ್ತುವ ಮೊದಲೇ ಒಂದು ಚಕ್ರದ ಸಂಕೇತ ಕಡಿದುಹೋದರೆ, ಚಕ್ರ ಲಾಕ್ ಆಯಿತೆಂದು ಭ್ರಮಿಸಿ ಕಂಪ್ಯೂಟರ್ ಅದರ ಬ್ರೇಕನ್ನೇ ಸಡಿಲಿಸಬಹುದು. ಪೆಡಲ್ ಕಾಲಡಿ ದಡದಡ ಎನ್ನುತ್ತದೆ, ಕಾರು ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಇಳಿಜಾರಿನ ತಿರುವಿನಲ್ಲಿ ಆ ಇನ್ನಷ್ಟಕ್ಕೆ ಜಾಗವಿರುವುದಿಲ್ಲ.

ಕೂಡಿಸಿದ ತಂತಿ ಬಾಳಿಕೆ ಬರದು ಎಂಬ ಆಕ್ಷೇಪವನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕೈಯಲ್ಲಿ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ್ದು ಖಂಡಿತ ಬಾಳದು. ಬೆಸುಗೆ ಹಾಕಿದ ಜಾಗ ಗಡುಸಾಗಿ, ಬಗ್ಗುವಲ್ಲಿ ಅದರ ಅಂಚಿನಲ್ಲೇ ಮುರಿಯುತ್ತದೆ. ಕಂಪನಿಯ ಕೈಪಿಡಿ ಪೂರ್ತಿ ತಂತಿ ಬದಲಿಸಿ ಎಂದರೆ ಹಾಗೇ ಮಾಡುವುದು ಸರಿ. ಕೂಡಿಸಲು ಅವಕಾಶವಿದ್ದರೆ ಬಗ್ಗುವ ಭಾಗವನ್ನು ಇಡಿಯಾಗಿ ತೆಗೆದು, ಕೂಡುವ ಜಾಗವನ್ನು ಬಾಡಿಗೆ ಅಂಟಿದ, ಅಲುಗದ ಕಡೆಗೆ ಒಯ್ಯಬೇಕು. ಕಪ್ಪಿಟ್ಟ ತಾಮ್ರ ಹೋಗಿ ಹೊಳೆಯುವ ಎಳೆ ಸಿಗುವವರೆಗೆ ಕತ್ತರಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸಬೇಕು. ಎರಡು ತಂತಿಗಳಿಗೆ ಮೊದಲಿದ್ದ ಹೊಸೆತವನ್ನೂ ಉಳಿಸಬೇಕು. ಚಕ್ರ ಹಾಕುವ ಮೊದಲು ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ತಂತಿ ಎಲ್ಲೂ ಬಿಗಿಯುತ್ತಿಲ್ಲ, ಟೈರಿಗೆ ಸವರುತ್ತಿಲ್ಲ, ಕ್ಲಿಪ್ಪುಗಳೆಲ್ಲ ಅವುಗಳ ಜಾಗದಲ್ಲೇ ಕೂತಿವೆ ಎಂದು ಟಾರ್ಚ್ ಬಿಟ್ಟು ನೋಡಬೇಕು.