ನಕ್ಕವರ ಲೆಕ್ಕ

ಫ್ರೆಂಚ್ ಭಾಷೆಯಲ್ಲಿ ‘ಕೂ ದ ತೆತ್’ ಎಂಬ ಮಾತಿಗೆ ಎರಡರ್ಥ. ಕಾಲ್ಚೆಂಡಾಟದಲ್ಲಿ ಚೆಂಡನ್ನು ತಲೆಯಿಂದ ಹೊಡೆಯುವುದು ಒಂದು. ಹಿಂದುಮುಂದು ನೋಡದೆ ದುಡುಕಿ ಮಾಡಿಬಿಡುವ ಕೆಲಸ ಇನ್ನೊಂದು. ಈ ಶ್ಲೇಷೆಯನ್ನು ಕನ್ನಡಕ್ಕಿಳಿಸಲು ಒಂದು ಸಂಜೆಯೆಲ್ಲ ಹೆಣಗಿ ಸೋತೆ. ‘ತಲೆಯೇಟು’ ಎಂದರೆ ಆಸ್ಪತ್ರೆಯ ನೆನಪಾಗುತ್ತದೆ, ‘ದುಡುಕು’ ಎಂದರೆ ಚೆಂಡು ಮಾಯವಾಗುತ್ತದೆ. ಇರಲಿ. ಜಾಂ ಜಾಕ್ ಅನೋ 1979ರಲ್ಲಿ ತೆರೆಗೆ ತಂದ ಚಿತ್ರದ ಹೆಸರು ಇದೇ. ಫ್ರಾನ್ಸಿನ ಒಂದು ಸಣ್ಣ ಊರು, ಅದರ ಕಾಲ್ಚೆಂಡಿನ ಕ್ಲಬ್ಬು, ಆ ಕ್ಲಬ್ಬಿನ ಸುತ್ತ ಸುತ್ತುವ ದೊಡ್ಡ ಮನುಷ್ಯರು – ಇಷ್ಟೇ ಅದರ ವಸ್ತು. ಈಚೆಗೆ ನಮ್ಮ ಕಾಲೇಜಿನ ಚಿತ್ರಸಂಘದಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ತೋರಿಸಿದೆವು. ಆಯ್ಕೆ ನನ್ನದೇ ಆಗಿದ್ದುದರಿಂದ ಈ ಕೆಲವು ಮಾತುಗಳನ್ನು ಬರೆಯುವ ಹೊಣೆಯೂ ನನ್ನದೇ ಎನ್ನಬೇಕು.

ಆ ದೇಶದ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಅಲ್ಲಿ 1917ರಲ್ಲಿ ಆರಂಭವಾದ ‘ಫ್ರಾನ್ಸ್ ಕಪ್’ ಪಂದ್ಯಾವಳಿಯಲ್ಲಿ ಹಳ್ಳಿಯ ಹವ್ಯಾಸಿ ತಂಡಕ್ಕೂ ಪ್ಯಾರಿಸಿನ ತಂಡಕ್ಕೂ ಪ್ರವೇಶವುಂಟು. ಚೀಟಿ ಎತ್ತಿದಂತೆ ಎದುರಾಳಿ. 2000ನೆಯ ಇಸವಿಯಲ್ಲಿ ಕಾಲೇ ಎಂಬ ಬಂದರಿನ ಹವ್ಯಾಸಿಗಳು ಅಂತಿಮ ಪಂದ್ಯದವರೆಗೂ ಹೋಗಿ, ನಾಂತ್ ತಂಡಕ್ಕೆ ಕೊನೆಯ ಗಳಿಗೆಯಲ್ಲಿ 2–1ರಿಂದ ಸೋತರು. ಹೀಗಿರುವಾಗ ಒಂದು ಪುಟ್ಟ ಊರು ತನ್ನ ಮಾನವನ್ನೆಲ್ಲ ಹನ್ನೊಂದು ಜನರ ಕಾಲಿಗೆ ಕಟ್ಟಿಬಿಡುವುದು ಕವಿಕಲ್ಪನೆಯಲ್ಲ.

ಚಿತ್ರದ ಊರು ತ್ರ್ಯಾಂಕಾಂ. ಊರೂ ಹೆಸರೂ ಕಲ್ಪಿತ. ಕಾರ್ಖಾನೆಯ ಧಣಿ ಸಿವಾರ್ದಿಯೇರನೇ ಕ್ಲಬ್ಬಿನ ಅಧ್ಯಕ್ಷ. ಅವನ ಕಾರ್ಖಾನೆಯಲ್ಲಿ ದುಡಿಯುವ, ಅವನ ಕ್ಲಬ್ಬಿನಲ್ಲಿ ಕಾಯ್ದಿರಿಸಿದ ಆಟಗಾರನಾಗಿರುವ ಫ್ರಾಂಸ್ವಾ ಪೆರ‍್ಯಾಂ ಮುಂಗೋಪಿ. ಅಭ್ಯಾಸದ ವೇಳೆ ತಂಡದ ಹೀರೋ ಬೆರ್ತಿಯೇಯನ್ನು ಕೆಡವುತ್ತಾನೆ. ಅಷ್ಟಕ್ಕೇ ತಂಡ ಹೋಯಿತು, ಕೆಲಸ ಹೋಯಿತು, ಕಾಫಿ ಅಂಗಡಿಯ ಬಾಗಿಲೂ ಮುಚ್ಚಿತು. ಆ ಬೆರ್ತಿಯೇಯೇ ಒಂದು ರಾತ್ರಿ ಸ್ತೆಫನಿ ಎಂಬ ತರುಣಿಯ ಮೇಲೆ ಬಲಾತ್ಕಾರಕ್ಕೆ ಕೈಹಾಕುತ್ತಾನೆ. ಊರಿಗೆ ಬೆರ್ತಿಯೇ ಬೇಕು, ಪೆರ‍್ಯಾಂ ಬೇಡ. ಸುಳ್ಳು ಸಾಕ್ಷಿಗಳು ಹುಟ್ಟಿಕೊಳ್ಳುತ್ತವೆ. ಪೆರ‍್ಯಾಂ ಸೆರೆಮನೆ ಸೇರುತ್ತಾನೆ. ಮುಂದೆ ಕಪ್ ಪಂದ್ಯಕ್ಕೆ ಹೊರಟ ತಂಡದ ಬಸ್ಸು ಅಪಘಾತಕ್ಕೀಡಾಗಿ ಆಟಗಾರರು ಸಾಲದೆ ಬಂದಾಗ ಅದೇ ದೊಡ್ಡ ಮನುಷ್ಯರು ಅವನನ್ನು ಸೆರೆಯಿಂದ ಎರವಲು ತರುತ್ತಾರೆ. ಅವನು ಗೋಲು ಹೊಡೆದು ಊರನ್ನು ಗೆಲ್ಲಿಸುತ್ತಾನೆ. ನಿನ್ನೆ ಉಗಿದವರು ಇಂದು ಹೆಗಲ ಮೇಲೆ ಹೊರುತ್ತಾರೆ.

ಇಲ್ಲಿಂದ ಮುಂದಿನದು ಸೊಗಸಾದ ವಿಡಂಬನೆ. ಪೆರ‍್ಯಾಂ ಯಾರನ್ನೂ ಹೊಡೆಯುವ ಗೋಜಿಗೆ ಹೋಗುವುದಿಲ್ಲ. ಕಾರು ಮಾರುವವನಿಗೂ ಪೀಠೋಪಕರಣದ ಅಂಗಡಿಯವನಿಗೂ ತಾನು ಏನು ಹಾನಿ ಮಾಡಲಿರುವೆನೆಂದು ನಗುನಗುತ್ತ ಮುಂದಾಗಿಯೇ ತಿಳಿಸುತ್ತಾನೆ; ಉಳಿದದ್ದನ್ನು ಅವರ ಭಯವೇ ನೋಡಿಕೊಳ್ಳುತ್ತದೆ. ಸಂಭಾಷಣೆ ಬರೆದ ಫ್ರಾನ್ಸಿಸ್ ವೆಬೆರ್ ಒಂದು ಮಾತನ್ನೂ ದುಂದು ಮಾಡಿಲ್ಲ. ಕಾರ್ಖಾನೆಯ ನೂರಾರು ಜನ ಸುಮ್ಮನಿರಬೇಕಾದರೆ ಹನ್ನೊಂದು ಪೆದ್ದರನ್ನು ಸಾಕಬೇಕು ಎಂಬ ಅರ್ಥದ ಮಾತನ್ನು ಸಿವಾರ್ದಿಯೇರ್ ಲೆಕ್ಕಪತ್ರ ಓದುವವನಂತೆ ಹೇಳುತ್ತಾನೆ. ಆ ಪಾತ್ರಕ್ಕಾಗಿ ಜಾಂ ಬ್ವೀಜ್‌ಗೆ ಫ್ರೆಂಚ್ ಚಿತ್ರರಂಗದ ಸೆಸಾರ್ ಪ್ರಶಸ್ತಿ ಬಂದದ್ದು ನ್ಯಾಯವೇ. ದುಷ್ಟನೆಂದರೆ ಹುಬ್ಬು ಗಂಟಿಕ್ಕಬೇಕೆಂದು ತಿಳಿದಿರುವ ನಮ್ಮ ನಟರು ಅವನ ಸಮಾಧಾನವನ್ನು ನೋಡಬೇಕು. ಪೆರ‍್ಯಾಂ ಆಗಿರುವ ಪಾತ್ರಿಕ್ ದವೇರ್‌ನ ಮುಖದಲ್ಲಂತೂ ನಗು ಬಂದಾಗಲೂ ಏನೋ ಒಂದು ಗಾಯ ಮಾಯದೆ ಉಳಿದಿರುತ್ತದೆ. 1982ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲೇ, ಅವನು ತೀರಿಕೊಂಡನು.

ಚಿತ್ರವನ್ನು ಬಹುಮಟ್ಟಿಗೆ ತೆಗೆದದ್ದು ಬರ್ಗಂಡಿ ಪ್ರಾಂತದ ಓಸೇರ್ ಎಂಬ ಊರಿನಲ್ಲಿ. ಅಲ್ಲಿನ ಕ್ಲಬ್ಬು 1905ರಲ್ಲಿ ದೆಶಾಂ ಎಂಬ ಪಾದ್ರಿ ಕಟ್ಟಿದ್ದು. ಅದರ ತರಬೇತುದಾರ ಗೀ ರೂ ಚಿತ್ರದ ಆಟದ ಭಾಗಕ್ಕೆ ಸಲಹೆ ಕೊಟ್ಟನು. ಅವನ ಆಟಗಾರರೂ ತೆರೆಯ ಮೇಲೆ ಬಂದರು. ಚಿತ್ರ ತೆರೆಕಂಡ 1979ರಲ್ಲೇ, ಇನ್ನೂ ಎರಡನೆಯ ದರ್ಜೆಯಲ್ಲಿದ್ದ ಆ ತಂಡ ಕಪ್ಪಿನ ಅಂತಿಮ ಪಂದ್ಯ ಮುಟ್ಟಿ ನಾಂತ್‌ಗೆ ಸೋತಿತು. 1996ರಲ್ಲಿ ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದಿತು. 1961ರಲ್ಲಿ ತರಬೇತಿ ಹಿಡಿದ ಗೀ ರೂ, ನಡುವೆ ಕೆಲವು ಕಾಲ ಬಿಟ್ಟರೆ, 2005ರವರೆಗೆ ಅದನ್ನು ನಡೆಸಿದನು. ಸಣ್ಣ ಊರಿನ ಕ್ಲಬ್ಬಿನಿಂದ ಇಂಥ ಸಾಧನೆಯೂ ಆಗುತ್ತದೆ. ಅನೋನ ಚಿತ್ರದಲ್ಲಿ ಇದರ ನೆರಳೂ ಇಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಾನು ಆಕ್ಷೇಪಿಸುವುದಿಲ್ಲ. ವಿಡಂಬನಕಾರನಿಗೆ ಊರಿನ ಒಂದು ಮಗ್ಗುಲು ಸಾಕು.

ನನ್ನ ಆಕ್ಷೇಪ ಬೇರೆ ಕಡೆ ಇದೆ. ಸೆರೆಯಿಂದ ಹೊರಬಂದ ಪೆರ‍್ಯಾಂ ಪಂದ್ಯಕ್ಕೆ ಮೊದಲು ತಪ್ಪಿಸಿಕೊಂಡು ಸ್ತೆಫನಿಯ ಮನೆಗೆ ನುಗ್ಗುತ್ತಾನೆ. ಮಾಡದ ಅಪರಾಧಕ್ಕೆ ಶಿಕ್ಷೆ ಉಂಡಾಯಿತು, ಈಗ ಅಪರಾಧವನ್ನೇ ಮಾಡಿಬಿಡುತ್ತೇನೆಂಬುದು ಅವನ ತರ್ಕ. ಮಾಡುವುದಿಲ್ಲ, ನಿಜ. ಅವನ ಪೇಚಾಟವನ್ನು ಕಂಡು ಸಭಾಂಗಣ ನಕ್ಕಿತು, ನಾನೂ ನಕ್ಕೆ. ಆದರೆ ಆ ಭೇಟಿಯೇ ಮುಂದೆ ಅವರಿಬ್ಬರ ಪ್ರಣಯಕ್ಕೆ ನಾಂದಿಯಾಗುತ್ತದೆ.

ಸೀತೆಯಲ್ಲಿ ರಾವಣನಿಗಿದ್ದ ಮೋಹವನ್ನು ನಮ್ಮ ಅಭಿನವಗುಪ್ತ ಶೃಂಗಾರವೆಂದು ಒಪ್ಪುವುದಿಲ್ಲ, ಶೃಂಗಾರಾಭಾಸವೆನ್ನುತ್ತಾನೆ. ಆಭಾಸದಿಂದ ಹುಟ್ಟುವುದು ಹಾಸ್ಯ ಎನ್ನುತ್ತಾನೆ. ಆ ದೃಶ್ಯದಲ್ಲಿ ನಾವು ನಕ್ಕದ್ದಕ್ಕೆ ಅಷ್ಟರ ಮಟ್ಟಿಗೆ ಶಾಸ್ತ್ರದ ಬೆಂಬಲವಿದೆ. ಅನೋ ಮಾಡಿರುವುದು ಅದಕ್ಕೆ ವಿರುದ್ಧವಾದ ಪಯಣ. ಆಭಾಸವೆಂದು ನಗಿಸಿದ್ದನ್ನೇ ಆಮೇಲೆ ಅಪ್ಪಟ ಶೃಂಗಾರವೆಂದು ನಮ್ಮ ಕೈಗಿಡುತ್ತಾನೆ. ಊರಿನವರ ಒಂದೊಂದು ಕಪಟವನ್ನೂ ಬಿಡದೆ ಹಿಡಿದ ಕಣ್ಣು ಈ ಹೆಣ್ಣಿನ ಬಾಗಿಲಲ್ಲಿ ಮುಚ್ಚಿಕೊಳ್ಳುತ್ತದೆ. ಬೆಳಗಾದರೆ ನಾಯಕನ ಜೊತೆಗೆ ನಿಲ್ಲುವವಳು ಬೇಕಿತ್ತು. ಅವಳ ಭಯಕ್ಕೆ ಪುರಸೊತ್ತಿರಲಿಲ್ಲ.

‘1979ರ ಚಿತ್ರ, ಆ ಕಾಲದವರು ಹಾಗೆ’ ಎಂಬ ಸಮಾಧಾನ ನನಗೂ ಹೊಳೆಯಿತು. ಒಪ್ಪಲಾಗಲಿಲ್ಲ. ಧಣಿಯ ವಿಷಯದಲ್ಲಿ ಕಾಲವನ್ನು ಮೀರಿ ನೋಡಬಲ್ಲವನಿಗೆ ಇಲ್ಲಿ ಮಾತ್ರ ಕಾಲದ ರಿಯಾಯಿತಿ ಏಕೆ?

ನಿಜ ಹೇಳಬೇಕೆಂದರೆ ಈ ಆಲೋಚನೆ ಕತ್ತಲಲ್ಲಿ ಕುಳಿತು ನಗುತ್ತಿದ್ದಾಗ ನನಗೆ ಬರಲಿಲ್ಲ. ದೀಪ ಹತ್ತಿದ ಮೇಲೆ, ಹಿಂದಿನ ಸಾಲಿನಲ್ಲಿದ್ದ ಎರಡನೆಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಅವನು ಎಲ್ಲರ ಹತ್ತಿರವೂ ತನ್ನ ಬಾಕಿ ವಸೂಲು ಮಾಡಿದ. ಅವಳ ಬಾಕಿ?”

ಕೆಲವು ಹುಡುಗರು ಅದಕ್ಕೂ ನಕ್ಕರು. ನಾನು ಶ್ಲೇಷೆಯ ವಿಷಯವಾಗಿ ಹೇಳಲೆಂದು ಬರೆದು ತಂದಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಆ ದೃಶ್ಯವನ್ನು ಇನ್ನೊಮ್ಮೆ ಹಾಕಿರೆಂದು ಹೇಳಿದೆ. ಎರಡನೆಯ ಸಲ ಸಭಾಂಗಣದಲ್ಲಿ ಅಷ್ಟು ನಗೆ ಕೇಳಲಿಲ್ಲ.