ಹತ್ತು ಪ್ರಶ್ನೆಗಳ ಗಂಡಸುತನ

ರಾತ್ರಿ ಊಟವಾದ ಮೇಲೆ ನಿಮಗೆ ನಿದ್ದೆ ಬರುತ್ತದೆಯೇ?

ಹತ್ತು ಪ್ರಶ್ನೆಗಳ ಪೈಕಿ ಒಂಬತ್ತನೆಯದು ಇದು. ಬರುತ್ತದೆ ಎಂದು ಗುರುತು ಹಾಕಿದೆ. ನಮ್ಮ ಮನೆಯಲ್ಲಿ ಊಟ ಮುಗಿಯುವುದೇ ಒಂಬತ್ತೂವರೆಗೆ. ಆಮೇಲೆ ನಿದ್ದೆ ಬಾರದಿದ್ದರೆ ತಾನೇ ಡಾಕ್ಟರ ಹತ್ತಿರ ಹೋಗಬೇಕಾದದ್ದು? ಪ್ರಶ್ನೆ ಬರೆದವರ ದೇಶದಲ್ಲಿ ಬೆಳಕಿರುವಾಗಲೇ ಉಂಡು, ಸೋಫಾದ ಮೇಲೆ ಕೂತು, ಟೀವಿ ನೋಡುತ್ತ ತೂಕಡಿಸುವವನನ್ನು ಕುರಿತ ಪ್ರಶ್ನೆ ಇದು ಎಂದು ಆಮೇಲೆ ಹೊಳೆಯಿತು. ಬೆಂಗಳೂರಿನ ಒಂದು ಚೆಕಪ್ ಕೇಂದ್ರದಲ್ಲಿ, ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟ ಹುಡುಗ ಇದನ್ನೆಲ್ಲ ವಿವರಿಸಲಿಲ್ಲ. ಹತ್ತರಲ್ಲಿ ಆರಕ್ಕೆ ನಾನು 'ಹೌದು' ಅಂದಿದ್ದೆ. ಅದೇ ಸಂಜೆ ನಾಲ್ಕೂವರೆಗೆ, ಹೊಟ್ಟೆ ತುಂಬ ಉಂಡಿದ್ದವನ ತೋಳಿನಿಂದ ರಕ್ತ ತೆಗೆದರು. ಮರುದಿನ ಫೋನು ಬಂತು: ಟೆಸ್ಟೋಸ್ಟಿರೋನ್ 268, ಕಡಿಮೆ ಇದೆ ಸರ್, ಇಂಜೆಕ್ಷನ್ ಶುರು ಮಾಡಬಹುದು. ನನಗಾಗ ಐವತ್ತೆರಡು.

ಇಂಜೆಕ್ಷನ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ನಾಲ್ಕು ತಿಂಗಳು ಯೋಚಿಸಿದೆ. ಪುಸ್ತಕ ವಿಮರ್ಶೆ ಬರೆದು ಅಭ್ಯಾಸವಾದವನಿಗೆ ಕೈಗೆ ಸಿಕ್ಕಿದ್ದನ್ನು ಒಂದು ಕೃತಿಯಂತೆ ಓದುವ ಚಟ ಇರುತ್ತದೆ. ಹಾಗಾಗಿ ಮೊದಲು ಆ ಹಾಳೆಯನ್ನೇ ಓದಿದೆ.

ಅದಕ್ಕೆ 'ಆಡಂ' ಎಂದು ಹೆಸರು. ವಯಸ್ಸಾಗುತ್ತಿರುವ ಗಂಡಸರಲ್ಲಿ ಆಂಡ್ರೋಜನ್ ಕೊರತೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ ಬೈಬಲ್ಲಿನ ಆದಿಪುರುಷನೇ ಸಿಗುತ್ತಾನೆ. ಹೆಸರಿಟ್ಟವರ ಜಾಣತನ ಮೆಚ್ಚಬೇಕು. ಇದನ್ನು ಬರೆದವರು ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಡಾಕ್ಟರ್ ಜಾನ್ ಮಾರ್ಲಿ, ವೃದ್ಧರ ವೈದ್ಯಕೀಯದಲ್ಲಿ ದೊಡ್ಡ ಹೆಸರು. ಡಚ್ ಔಷಧ ಕಂಪನಿ ಆರ್ಗನಾನ್ ಅವರನ್ನು ಇಂಥದೊಂದು ಪ್ರಶ್ನಾವಳಿ ಬರೆದುಕೊಡಿ ಎಂದು ಕೇಳಿತ್ತು. ಕಂಪನಿಯಿಂದ ವಿಶ್ವವಿದ್ಯಾಲಯಕ್ಕೆ 40,000 ಡಾಲರ್ ಸಂದಿತು. ಬಚ್ಚಲುಮನೆಯಲ್ಲಿ ಕೂತು, ಟಾಯ್ಲೆಟ್ ಕಾಗದದ ಮೇಲೆ, ಇಪ್ಪತ್ತು ನಿಮಿಷದಲ್ಲಿ ಗೀಚಿದ್ದು ಎಂದು ಮಾರ್ಲಿಯವರೇ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿಕೊಂಡರು. ಅದು ಅಷ್ಟೇನೂ ಒಳ್ಳೆಯ ಪ್ರಶ್ನಾವಳಿಯಲ್ಲ ಎಂದೂ ಒಪ್ಪಿಕೊಂಡರು. ತನ್ನ ಕೃತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಲೇಖಕರು ನಮ್ಮ ಸಾಹಿತ್ಯದಲ್ಲೂ ಅಪರೂಪ.

ಬಚ್ಚಲಲ್ಲಿ ಬರೆದದ್ದೆಲ್ಲ ಕೆಟ್ಟದ್ದಾಗಬೇಕಿಲ್ಲ. ತಕರಾರಿರುವುದು ಕಟ್ಟಡದಲ್ಲಿ. ಹತ್ತರಲ್ಲಿ ಎರಡು ಪ್ರಶ್ನೆಗಳು ನೇರವಾಗಿ ಕಾಮದ ಬಗ್ಗೆ: ಆಸೆ ಕುಗ್ಗಿದೆಯೇ, ನಿಮಿರುವಿಕೆ ಸಡಿಲವಾಗಿದೆಯೇ. ಉಳಿದ ಎಂಟು ಹುರುಪು, ತ್ರಾಣ, ಎತ್ತರ, ಬದುಕಿನ ರುಚಿ, ಸಿಡುಕು, ಆಟ, ನಿದ್ದೆ ಮತ್ತು ಕೆಲಸದ ಚುರುಕನ್ನು ಕುರಿತವು. ಆ ಎರಡರಲ್ಲಿ ಒಂದಕ್ಕಾದರೂ ಹೌದು ಅಂದರೆ ನೀವು ಶಂಕಿತರು. ಆ ಎರಡನ್ನೂ ದಾಟಿದಿರಿ ಅನ್ನಿ, ಮಿಕ್ಕ ಎಂಟರಲ್ಲಿ ಮೂರಕ್ಕೆ ಹೌದು ಅಂದರೂ ಸಾಕು. ಮಗಳ ಕಾಲೇಜು ಫೀಸು, ಅಮ್ಮನ ಮಂಡಿನೋವು, ಆಫೀಸಿನಲ್ಲಿ ತನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೇಲಧಿಕಾರಿ, ಸಿಲ್ಕ್ ಬೋರ್ಡ್ ಸಿಗ್ನಲ್ಲು. ಇಷ್ಟಿದ್ದರೆ ಹಾರ್ಮೋನಿನ ಹಂಗಿಲ್ಲದೆಯೇ ಮೂರು 'ಹೌದು' ದಕ್ಕುತ್ತವೆ. ಈ ಪ್ರಶ್ನಾವಳಿಯನ್ನು ಒರೆಗೆ ಹಚ್ಚಿದ್ದು 40ರಿಂದ 62 ವಯಸ್ಸಿನ 316 ಕೆನಡಾ ವೈದ್ಯರ ಮೇಲೆ, ಪ್ರಕಟವಾದದ್ದು 2000ದಲ್ಲಿ. ಹಾರ್ಮೋನು ನಿಜಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 88 ಮಂದಿಯನ್ನು ಅದು ಹಿಡಿಯಿತು. ಆದರೆ ಸರಿಯಾಗಿದ್ದವರಲ್ಲೂ ನೂರಕ್ಕೆ 40 ಮಂದಿಯನ್ನು ಹಿಡಿದು ಕೂರಿಸಿತು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ತಪ್ಪಿಸಿಕೊಳ್ಳುತ್ತದೆ. ಈ ಬಲೆಗೆ ಕೆರೆಯ ನೀರೂ ಸಿಕ್ಕಿಬೀಳುತ್ತದೆ.

ನಮ್ಮ ಬಸ್‌ಸ್ಟ್ಯಾಂಡುಗಳ ಗೋಡೆಯ ಮೇಲೆ ಒಂದು ಸಾಹಿತ್ಯ ಪ್ರಕಾರವೇ ಇದೆ. 'ಪುರುಷ ದೌರ್ಬಲ್ಯವೇ? ನಿರಾಶರಾಗಬೇಡಿ', ಕೆಳಗೆ ಯಾವ ತಾರೀಕಿಗೆ ಯಾವ ಊರಿನ ಯಾವ ಲಾಡ್ಜಿನಲ್ಲಿ ವೈದ್ಯರು ಸಿಗುತ್ತಾರೆ ಎಂಬ ಪಟ್ಟಿ. ಚಿಕ್ಕವನಿದ್ದಾಗ ಅದನ್ನು ಓದುತ್ತ ನಿಂತದ್ದಕ್ಕೆ ಸೋದರಮಾವ ತಲೆಗೆ ಮೊಟಕಿದ್ದ. ಆ ಗೋಡೆಬರಹ ನಿನಗೆ ರೋಗವಿದೆ ಎಂದು ಹೆದರಿಸುತ್ತದೆ. ಓದಿದವನು ನಗುತ್ತಾನೆ, ಇಲ್ಲವೇ ಕದ್ದು ಲಾಡ್ಜಿಗೆ ಹೋಗುತ್ತಾನೆ. ಆಡಂ ಹಾಳೆ ಹೆದರಿಸುವುದಿಲ್ಲ. ಅದು ಬರೀ ಕೇಳುತ್ತದೆ. ಟಿಕ್ ಹಾಕುವವರು ನಾವೇ ಆದ್ದರಿಂದ ತೀರ್ಪೂ ನಮ್ಮದೇ ಅನ್ನಿಸುತ್ತದೆ. ಲಾಡ್ಜಿನ ವೈದ್ಯ ಕಲಿಯದ ವಿದ್ಯೆ ಇದು.

ಕಳೆದ ಹುರುಪನ್ನು ಮರಳಿ ಪಡೆಯುವ ಆಸೆ ಗಂಡಸರಿಗೆ ಹೊಸದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು. 1889ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ, ತನ್ನ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ಮೈಗೆ ಚುಚ್ಚಿಕೊಂಡು ಯೌವನ ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಸಾರಿದ. ಮೂತ್ರದ ಧಾರೆ ಎಷ್ಟು ದೂರ ಬೀಳುತ್ತದೆ ಎಂದೂ ಅಳೆದಿದ್ದ ಪುಣ್ಯಾತ್ಮ! 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ತಯಾರಿಸಿ ನೋಡಿದರೆ ಅದರಲ್ಲಿ ಹಾರ್ಮೋನು ಇದ್ದದ್ದು ಲೆಕ್ಕಕ್ಕೆ ಬಾರದಷ್ಟು. ಅವನಿಗೆ ಬಂದ ಹುರುಪು ನಂಬಿಕೆಯದು. ಈ ಕತೆಯನ್ನು ನಾನು ನಗೆಗೆಂದು ಹೇಳುತ್ತಿಲ್ಲ. 'ಇಂಜೆಕ್ಷನ್ ತಗೊಂಡ ವಾರದಲ್ಲೇ ಹೊಸ ಮನುಷ್ಯನಾದೆ' ಎಂದು ನನಗೆ ಹೇಳಿದ ಇಬ್ಬರು ಗೆಳೆಯರ ಮಾತನ್ನು ತೂಗುವಾಗ ಬ್ರೌನ್-ಸೆಕಾರ್ ಪಕ್ಕದಲ್ಲೇ ಕೂತಿದ್ದ.

ಬರೀ ಕೇಳುವ ಆ ಹಾಳೆ ಏನು ಮಾಡಿತು? ಟೆಸ್ಟೋಸ್ಟಿರೋನ್ ಜೆಲ್ 2000ದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಜಾಹೀರಾತುಗಳು ಇದೇ ಪ್ರಶ್ನಾವಳಿಯನ್ನು ಕ್ವಿಜ್ ಮಾಡಿಕೊಂಡವು. ಆ ದೇಶದ ವಿಮಾ ದಾಖಲೆಗಳ ಒಂದು ಅಧ್ಯಯನದ ಪ್ರಕಾರ, 40 ದಾಟಿದ ಗಂಡಸರಲ್ಲಿ ಈ ಹಾರ್ಮೋನು ಬಳಸುವವರು 2001ರಲ್ಲಿ ನೂರಕ್ಕೆ 0.81 ಇದ್ದದ್ದು 2011ಕ್ಕೆ 2.91 ಆಯಿತು. ಹೊಸದಾಗಿ ಶುರುಮಾಡಿದವರಲ್ಲಿ ಸುಮಾರು ಕಾಲು ಭಾಗದವರಿಗೆ ಹಿಂದಿನ ಒಂದು ವರ್ಷದಲ್ಲಿ ರಕ್ತಪರೀಕ್ಷೆಯೇ ಆಗಿರಲಿಲ್ಲ. ನನಗೆ ಒಂದಾದರೂ ಆಗಿತ್ತು. ಆದರೆ ಯಾವಾಗ?

ಈ ಹಾರ್ಮೋನು ಬೆಳಗಿನ ಜಾವದ ಹಕ್ಕಿ. ಬೆಳಿಗ್ಗೆ ಹೆಚ್ಚು, ಹೊತ್ತು ಏರಿದಂತೆ ಇಳಿಕೆ. ಊಟ ಮಾಡಿದರೂ ಇಳಿಯುತ್ತದೆ, ಜ್ವರ ಬಂದರೂ ಇಳಿಯುತ್ತದೆ, ನಿದ್ದೆಗೆಟ್ಟರೂ ಇಳಿಯುತ್ತದೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಗೆರೆ ಎಳೆದಾಗಲೂ, ಬೇರೆ ಬೇರೆ ದಿನ ಬೆಳಗಿನ ಹೊತ್ತು ಎರಡು ಸಲ ಪರೀಕ್ಷಿಸಿ, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನಿ ಎಂದಿತು. ಇನ್ನೊಂದು ತೊಡಕಿದೆ. ರಕ್ತದಲ್ಲಿ ಈ ಹಾರ್ಮೋನಿನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡು ಓಡಾಡುತ್ತದೆ. ಹೊಟ್ಟೆಯ ಬೊಜ್ಜು ಬೆಳೆದವರಲ್ಲಿ ಅದನ್ನು ಬಿಗಿಯಾಗಿ ಹಿಡಿಯುವ ಪ್ರೋಟೀನು ಕಡಿಮೆಯಾಗುವುದರಿಂದ ಒಟ್ಟು ಲೆಕ್ಕ ಕುಸಿದಂತೆ ಕಂಡರೂ, ಬಿಡಿಯಾಗಿ ಕೆಲಸಕ್ಕೆ ಒದಗುವ ಪಾಲು ಸರಿಯಾಗೇ ಇರಬಹುದು. ಸಂಜೆ ನಾಲ್ಕೂವರೆಗೆ, ಬಿಸಿಬೇಳೆಬಾತ್ ಮೇಲೆ, ನಲವತ್ತು ಇಂಚಿನ ಸೊಂಟದವನಿಂದ ತೆಗೆದ ಒಂದು ಸಂಖ್ಯೆ ಏನನ್ನು ಸಾಬೀತು ಮಾಡುತ್ತದೆ?

ಪ್ರಶ್ನೆ ಕೇಳುವ ಬೇರೆ ದಾರಿಯೂ ಇತ್ತು ಎಂಬುದಕ್ಕೆ ಯುರೋಪಿನ ಅಧ್ಯಯನವೊಂದು ಸಾಕ್ಷಿ. ಎಂಟು ಕೇಂದ್ರಗಳು, 40ರಿಂದ 79 ವಯಸ್ಸಿನ 3,369 ಗಂಡಸರು. ಫಲಿತಾಂಶ 2010ರಲ್ಲಿ ಬಂತು. ಯಾವ ಲಕ್ಷಣಗಳು ಹಾರ್ಮೋನಿನ ಕೊರತೆಯೊಂದಿಗೆ ನಿಜವಾಗಿ ಒಟ್ಟಿಗೆ ನಿಲ್ಲುತ್ತವೆ ಎಂದು ಜರಡಿ ಹಿಡಿದಾಗ ಉಳಿದದ್ದು ಮೂರೇ, ಮೂರೂ ಕಾಮಕ್ಕೆ ಸಂಬಂಧಿಸಿದವು: ಬೆಳಗಿನ ನಿಮಿರುವಿಕೆ ತಪ್ಪುವುದು, ಆಸೆ ಕುಂದುವುದು, ಕೂಡುವಾಗ ನಿಮಿರುವಿಕೆ ನಿಲ್ಲದಿರುವುದು. ಮೂರೂ ಇದ್ದು ಹಾರ್ಮೋನೂ ಕಡಿಮೆ ಇದ್ದವರು ನೂರಕ್ಕೆ 2.1 ಮಾತ್ರ. ಸುಸ್ತು, ಬೇಸರ ಜರಡಿಯಿಂದ ಉದುರಿಹೋದವು. ಅವು ಮಧ್ಯವಯಸ್ಸಿನ ಲಕ್ಷಣಗಳು. ಮಧ್ಯವಯಸ್ಸಿಗೆ ಬಾಟಲಿಯಲ್ಲಿ ಮದ್ದಿಲ್ಲ.

ಹಾಗೆಂದು ಇಡೀ ಚಿಕಿತ್ಸೆಯೇ ಮೋಸ ಎಂದು ಬರೆದರೆ ನಾನೂ ಒಂದು ಗೋಡೆಬರಹ ಬರೆದಂತಾಗುತ್ತದೆ. ಅಮೆರಿಕದಲ್ಲಿ 65 ದಾಟಿದ, ಹಾರ್ಮೋನು 275ಕ್ಕಿಂತ ಕೆಳಗಿದ್ದ 790 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ನಿಜವಾದ ಜೆಲ್, ಉಳಿದವರಿಗೆ ಸಪ್ಪೆ ಜೆಲ್ ಹಚ್ಚಿಸಿ ನೋಡಿದರು. ಆ 790 ಮಂದಿ ಸಿಗಲು 51,085 ಮಂದಿಯನ್ನು ಸೋಸಬೇಕಾಯಿತು ಎಂಬುದೇ ಒಂದು ಫಲಿತಾಂಶ. 2016ರಲ್ಲಿ ಬಂದ ಉತ್ತರವನ್ನು ಆಡಂ ಹಾಳೆಯ ಪಕ್ಕ ಇಟ್ಟು ಓದಿದೆ. ಕಾಮಾಸಕ್ತಿ, ಚಟುವಟಿಕೆ ಹೆಚ್ಚಿದವು, ಸಾಧಾರಣವಾಗಿ. ವರ್ಷದ ಕೊನೆಗೆ ಆ ಹೆಚ್ಚಳವೂ ಸ್ವಲ್ಪ ಇಳಿಯಿತು. ಮನಸ್ಸು ತುಸು ಹಗುರಾಯಿತು. ಹುರುಪಿನ ಮುಖ್ಯ ಅಳತೆಯಲ್ಲಿ, ನಡಿಗೆಯ ಪ್ರಯೋಗದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ನೆನಪಿನ ಶಕ್ತಿಗೂ ಏನೂ ಆಗಲಿಲ್ಲ ಎಂದು ಮರುವರ್ಷ ತಿಳಿಯಿತು. ಅಂದರೆ ಕಾಮದ ಎರಡು ಪ್ರಶ್ನೆಗಳಿಗೆ ಔಷಧ ಅಷ್ಟಿಷ್ಟು ಉತ್ತರ ಕೊಟ್ಟಿತು; ಮಿಕ್ಕವಕ್ಕೆ ಬಹುಮಟ್ಟಿಗೆ ಮೌನ. ಅವರೆಲ್ಲ ನನಗಿಂತ ಹಿರಿಯರು, ನಿಜ. ನನ್ನ ವಯಸ್ಸಿನವರನ್ನೂ ಒಳಗೊಂಡದ್ದು 2023ರ ಟ್ರಾವರ್ಸ್ ಪ್ರಯೋಗ: 45ರಿಂದ 80ರವರೆಗಿನ, ಹೃದ್ರೋಗ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರು. ಹೃದಯಾಘಾತ, ಪಾರ್ಶ್ವವಾಯುಗಳ ಭಯ ಬಹುಮಟ್ಟಿಗೆ ಸುಳ್ಳಾಯಿತು: ಔಷಧ ಪಡೆದವರಲ್ಲಿ ನೂರಕ್ಕೆ 7.0, ಪಡೆಯದವರಲ್ಲಿ 7.3. ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿ ಸಿಕ್ಕಿಕೊಳ್ಳುವುದು ಔಷಧ ಪಡೆದವರಲ್ಲಿ ಹೆಚ್ಚು ಕಂಡವು. ಮೂಳೆ ಗಟ್ಟಿಯಾಗುತ್ತದೆ ಎಂದುಕೊಂಡಿದ್ದರೆ ಮೂಳೆ ಮುರಿತವೂ ಅವರಲ್ಲೇ ಹೆಚ್ಚಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ: ಆ ಪ್ರಯೋಗದಲ್ಲಿ ನೂರಕ್ಕೆ 61ರಷ್ಟು ಮಂದಿ ಮಧ್ಯದಲ್ಲೇ ಜೆಲ್ ಹಚ್ಚುವುದನ್ನು ಬಿಟ್ಟಿದ್ದರು.

ಆಸ್ಟ್ರೇಲಿಯಾದ ಪ್ರಯೋಗವೊಂದು ಮಾತ್ರ ನನ್ನ ಮನಸ್ಸನ್ನು ಆಚೆಗೂ ಎಳೆಯಿತು. ಬೊಜ್ಜಿದ್ದ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಅಥವಾ ಆಗತಾನೆ ಹೊಸ್ತಿಲು ದಾಟಿದ್ದ ಗಂಡಸರಿಗೆ ಆಹಾರ ವ್ಯಾಯಾಮದ ಜೊತೆ ಎರಡು ವರ್ಷ ಈ ಇಂಜೆಕ್ಷನ್ ಕೊಟ್ಟಾಗ, ಕೊನೆಗೆ ಸಕ್ಕರೆ ಕಾಯಿಲೆ ಇದ್ದವರು ನೂರಕ್ಕೆ 12. ಆಹಾರ ವ್ಯಾಯಾಮ ಮಾತ್ರ ಪಾಲಿಸಿದವರಲ್ಲಿ 21. ನಮ್ಮ ಮನೆತನದಲ್ಲಿ ಸಕ್ಕರೆ ಎಂಬುದು ಗೋತ್ರದಂತೆ ಬಂದದ್ದು, ಆಸೆಯಾಗದೆ ಇದ್ದೀತೇ! ಮುಂದಿನ ಸಾಲು ಓದಿದೆ: ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 22 ಮಂದಿಯ ರಕ್ತ ಎಚ್ಚರಿಕೆಯ ಗೆರೆ ದಾಟಿ ದಪ್ಪಗಾಗಿತ್ತು.

ಹಾಳೆ ಕೇಳದೆ ಬಿಟ್ಟ ಪ್ರಶ್ನೆಗಳು ಕೇಳಿದವುಗಳಿಗಿಂತ ದೊಡ್ಡವು. ನಿಮಗೆ ಇನ್ನು ಮಕ್ಕಳು ಬೇಕೇ? ಹೊರಗಿನಿಂದ ಹಾರ್ಮೋನು ಬಂದ ಕೂಡಲೇ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಅಂಗಡಿಯಲ್ಲಿ ಮಾಲು ಸಾಕಷ್ಟಿದೆ ಎಂದುಕೊಂಡು ವೃಷಣಕ್ಕೆ ಆರ್ಡರು ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕ್ಷೀಣಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು ಎಂದು ತಿಳಿದರೆ, ಎರಡನೆಯ ಮದುವೆಯಾಗಿ ಮಗುವಿನ ಆಸೆಯಲ್ಲಿ 'ಶಕ್ತಿಗೆ' ಚುಚ್ಚಿಸಿಕೊಳ್ಳುವ ನಲವತ್ತರ ಗಂಡಸು ಏನಂದಾನು? ಬಿಟ್ಟ ಮೇಲೆ ಸ್ವಂತ ಕಾರ್ಖಾನೆ ಮತ್ತೆ ಶುರುವಾಗಲು ತಿಂಗಳುಗಳೇ ಬೇಕು. ಆ ತಿಂಗಳುಗಳು ಮೊದಲಿಗಿಂತ ಕೆಟ್ಟದಾಗಿರುತ್ತವೆ. ಶುರು ಮಾಡುವುದು ಸುಲಭ, ಆದರೆ ಇದು ಬಾಡಿಗೆ ಮನೆಯಲ್ಲ, ಬೇಡವಾದ ತಿಂಗಳು ಖಾಲಿ ಮಾಡಲಾಗದು.

ಹಾಸನದಲ್ಲಿ ನನ್ನ ಸಹಪಾಠಿಯೊಬ್ಬನಿದ್ದಾನೆ. ಪಿಟ್ಯುಟರಿಯಲ್ಲಿ ಗಡ್ಡೆಯಾಗಿ ಆಪರೇಷನ್ ಆದ ಮೇಲೆ ಅವನ ಗಡ್ಡ ಬೆಳೆಯುವುದೇ ನಿಂತಿತ್ತು, ಮೈ ಹತ್ತಿಯಂತಾಗಿತ್ತು. ಹತ್ತು ವರ್ಷದಿಂದ ಇಂಜೆಕ್ಷನ್ ತೆಗೆದುಕೊಳ್ಳುತ್ತಾನೆ, ತೋಟ ನೋಡಿಕೊಳ್ಳುತ್ತಾನೆ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಗುತ್ತಾನೆ. ಅವನಿಗೆ ಅದು ಕನ್ನಡಕ ಇದ್ದ ಹಾಗೆ. ಗಂಡಸಿನ ಮುಪ್ಪಿನ ವಿಷಯ ಬಂದಾಗ ಕನ್ನಡದವರಾದ ನಾವು ಯಯಾತಿಯನ್ನು ಎಳೆದು ತರುತ್ತೇವೆ. ಮುಪ್ಪನ್ನು ಒಪ್ಪದ ಗಂಡಸಿನ ಕತೆ ಎನ್ನುತ್ತೇವೆ. ಆದರೆ ಯಯಾತಿಯ ಮುಪ್ಪು ಶುಕ್ರಾಚಾರ್ಯರ ಶಾಪದಿಂದ ಒಮ್ಮೆಗೇ ಎರಗಿದ್ದು. ಕಾರಣ ಗೊತ್ತು, ತಾರೀಕು ಗೊತ್ತು. ವೈದ್ಯರ ಕಣ್ಣಿನಲ್ಲಿ ಅವನು ನನ್ನ ಹಾಸನದ ಗೆಳೆಯನ ಸಾಲಿನವನು. ನನಗೆ ಯಾರೂ ಶಾಪ ಕೊಟ್ಟಿಲ್ಲ. ಮೂವತ್ತೈದರಿಂದ ಕುರ್ಚಿಯಲ್ಲಿ ಕೂತಿದ್ದೇನೆ, ಅಷ್ಟೆ.

ಕೊನೆಗೆ ಹಾರ್ಮೋನು ತಜ್ಞೆಯೊಬ್ಬರ ಹತ್ತಿರ ಹೋದೆ, ಹೆಂಡತಿಯೂ ಜೊತೆಗೆ ಬಂದಳು. ಡಾಕ್ಟರು ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಎರಡು ಸಲ ರಕ್ತ ಕೊಡಿಸಿದರು: ಒಮ್ಮೆ 341, ಇನ್ನೊಮ್ಮೆ 356. ಬಿಡಿ ಹಾರ್ಮೋನಿನ ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟಕ್ಕೇ ಎದ್ದು ಹೊರಡಬಹುದಿತ್ತು. ಆದರೆ ಆರು 'ಹೌದು'ಗಳು ಸುಳ್ಳಲ್ಲವಲ್ಲ, ಸುಸ್ತು ಸುಸ್ತೇ. ಅವರು ಕುತ್ತಿಗೆಯ ಸುತ್ತಳತೆ ತೆಗೆದುಕೊಂಡು, ಮಾರ್ಲಿಯವರ ಹಾಳೆಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದರು.

"ಗೊರಕೆ ಹೊಡೀತೀರಾ?"

"ಇಲ್ಲ ಡಾಕ್ಟರೇ" ಅಂದೆ.

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದವರಿಗೆ ಹಗಲೆಲ್ಲ ತೂಕಡಿಕೆ, ಸಿಡುಕು, ಆಸೆ ಕಡಿಮೆ, ಕೆಲಸದಲ್ಲಿ ಮಂಕು. ಹಾರ್ಮೋನೂ ತುಸು ಕೆಳಗೇ ಇರುತ್ತದೆ. ಅದು ತೀವ್ರವಾಗಿದ್ದು, ಅದಕ್ಕೆ ಚಿಕಿತ್ಸೆ ಕೊಡದೆ ಟೆಸ್ಟೋಸ್ಟಿರೋನ್ ಕೊಟ್ಟರೆ ಉಸಿರು ಇನ್ನಷ್ಟು ಕಟ್ಟಬಹುದು ಎಂದು ಅವರು ವಿವರಿಸುತ್ತಿದ್ದರು.

"ಅವರನ್ನೇನು ಕೇಳ್ತೀರಾ ಡಾಕ್ಟ್ರೇ, ನನ್ನ ಕೇಳಿ" ಎಂದು ನನ್ನವಳು ಮೊಬೈಲು ತೆಗೆದಳು. ಯಾವತ್ತು ರೆಕಾರ್ಡ್ ಮಾಡಿಕೊಂಡಿದ್ದಳೋ! ಹಳೆಯ ಡೀಸೆಲ್ ಪಂಪಿನ ಸದ್ದು ಆ ಚಿಕ್ಕ ಕೋಣೆಯನ್ನು ತುಂಬಿತು. ನಾನು ನಗಲು ಹೊರಟೆ. ಅಷ್ಟರಲ್ಲಿ ಸದ್ದು ನಿಂತಿತು. ಡಾಕ್ಟರು ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಎಣಿಸತೊಡಗಿದರು.